ಕಿವುಡ ಮೊಲದ ಕಥೆ

ಆ ಊರಿನಲ್ಲಿ ಮಕ್ಕಳ ಕಥೆಪುಸ್ತಕ ತೆರೆದವರು ಅದನ್ನು ಮುಚ್ಚುವವರೆಗೆ ಕಥೆಯ ಪಾತ್ರದಂತೆಯೇ ಆಗುತ್ತಿದ್ದರು. ಕುಂಟ ಆನೆಯ ಕಥೆಯ ದಿನ ತರಗತಿಯೆಲ್ಲ ಕುಂಟುತ್ತಿತ್ತು.

"ಕಿವಿ ಕೇಳದ ಹುಡುಗಿ ಜೋಡಿ ಯಾರೂ ಆಡಂಗಿಲ್ರಿ, ಸಾಲಿ ಬಿಡಸ್ತೀನಿ," ಎಂದು ನೀಲವ್ವ ಮಗಳು ಸಾವಂತ್ರಿಯನ್ನು ಕರೆದೊಯ್ಯಲು ಬಂದಳು.

"ಇವತ್ತಿನ ಕಥಿ ಮುಗೀಲಿ ತಡೀರಿ," ಎಂದ ಪರ್ವೀನ್ ಟೀಚರ್ ಕಿವುಡ ಮೊಲದ ಪುಸ್ತಕ ಹಂಚಿದರು. ಪುಟ ತೆರೆದ ಮಕ್ಕಳಿಗೆ ಏನೂ ಕೇಳಿಸದಾಯಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಪೇಚಾಡಿದರು. ಆಗ ಸಾವಂತ್ರಿ ಎದ್ದು ಕೈಸನ್ನೆಯಲ್ಲೇ ಅವರನ್ನು ಮಾತಾಡಿಸಿದಳು.

ಪುಸ್ತಕ ಮುಚ್ಚಿ ಕಿವಿ ಮತ್ತೆ ಕೇಳತೊಡಗಿದ ಮೇಲೂ ಹುಡುಗಿಯೊಬ್ಬಳು ಎರಡು ಬೆರಳು ಕುಣಿಸಿ ಸಾವಂತ್ರಿಯನ್ನು ಆಟಕ್ಕೆ ಕರೆದಳು. ಅದು ನೀಲವ್ವ ಮಗಳಿಗಾಗಿ ಮನೆಯಲ್ಲಿ ಕಟ್ಟಿದ ಸನ್ನೆ.

ನೀಲವ್ವ ಟೀಚರಿಗೆ ಕೈಮುಗಿದಳು. "ನಾಳಿ ನಾನೂ ಬರ್ಲೇನ್ರಿ? ಇನ್ನೂ ಭಾಳ ಸನ್ನಿ ಅದಾವ, ಹುಡುಗ್ರಿಗೆ ಕಲಸ್ತೀನಿ."