ದೋಣಿಯ ಹಿಂದಿನ ಕಡಲಕ್ಕಿಗಳು

ಪೇಟೆಯ ಹೊಳೆದಂಡೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಕಾಯುತ್ತ ನಿಂತಿದ್ದರು. ಅಜ್ಜಿಯ ಇಬ್ಬರು ಗಂಡುಮಕ್ಕಳು ಮೀನಿಗೆ ಹೋದ ದೋಣಿ ನಿನ್ನೆಯೇ ಬರಬೇಕಿತ್ತು. ಹಿರಿಯವನು ಹುಡುಗಿಯ ಅಪ್ಪ.

ಹುಡುಗಿ ಅಪ್ಪ ತಂದುಕೊಟ್ಟ ದುರ್ಬೀನು ಹಿಡಿದಿದ್ದಳು.

“ಅಮ್ಮಾ, ಅಲ್ಲಿ ಹಾರುವುದು ಕಂದುತಲೆ ಕಡಲಕ್ಕಿ. ಅದರಾಚೆಯದ್ದು ಕರಿತಲೆಯದ್ದು.”

“ಎರಡರ ತಲೆಯೂ ಬೆಳ್ಳಗೇ ಉಂಟಲ್ಲ ಮಾರಾಯ್ತಿ!”

“ಚಳಿಗಾಲದಲ್ಲಿ ಹಾಗೇ. ನೀನು ತಲೆ ನೋಡ್ಬೇಡ, ರೆಕ್ಕೆ ನೋಡು. ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಇದ್ರೆ ಕಂದುತಲೆ.”

ಅಷ್ಟರಲ್ಲಿ ಹೊಳೆ ಕಡಲಿಗೆ ಸೇರುವಲ್ಲಿ ದೋಣಿಯೊಂದು ಕಂಡಿತು.

“ನಮ್ಮದೇ, ಮಾಮಿ! ಹಸಿರು ಪಟ್ಟಿ!” ಸೊಸೆ ಕೈಮುಗಿದಳು.

ಅಜ್ಜಿ ಮಾತ್ರ ಮೊಮ್ಮಗಳತ್ತ ತಿರುಗಿದಳು. “ಅದರ ಹಿಂದೆ ಯಾವ ಹಕ್ಕಿ ಮಗಾ?”

“ಒಂದೂ ಇಲ್ಲ ಅಜ್ಜಿ.”

ಅಜ್ಜಿ ನೆಲಕ್ಕೆ ಕುಸಿದಳು. ಬಲೆ ಕೊಡವಿ, ಸಣ್ಣ ಮೀನು ಎಸೆಯುತ್ತ ಬರುವ ದೋಣಿಯ ಹಿಂದೆ ಕಡಲಕ್ಕಿಗಳ ದಂಡೇ ಇರುತ್ತದೆ. ದೋಣಿಯಲ್ಲಿ ಹೆಣವಿದ್ದರೆ ಮಾತ್ರ ಯಾರೂ ಬಲೆ ಮುಟ್ಟುವುದಿಲ್ಲ. ಅದು ಸೊಸೆಗೂ ಗೊತ್ತಿತ್ತು.

ದೋಣಿಯಲ್ಲಿ ಒಬ್ಬನೇ ನಿಂತಿದ್ದ. ಅಣ್ಣತಮ್ಮಂದಿರದು ಒಂದೇ ಎತ್ತರ, ಒಂದೇ ಬಣ್ಣದ ಟೊಪ್ಪಿ. ಅಷ್ಟು ದೂರದಿಂದ ಹೆತ್ತವಳಿಗೂ ಗುರುತು ಹತ್ತುವಂತಿರಲಿಲ್ಲ.

ಸೊಸೆ ಮಗಳ ಭುಜ ಹಿಡಿದುಕೊಂಡಳು. “ಯಾರದು? ಸರಿಯಾಗಿ ನೋಡಿ ಹೇಳು ಮಗಾ.”

ಹುಡುಗಿ ದುರ್ಬೀನು ಸರಿಮಾಡಿ ನೋಡಿದಳು. ಆಮೇಲೆ ಖುಷಿಯಿಂದ ಕೈ ಬೀಸತೊಡಗಿದಳು.

“ಚಿಕ್ಕಪ್ಪ!”