ವಿಲಾಯತಿಗೆ ಹೋದ ರುಮಾಲು

ಶಿರಹಟ್ಟಿ ಗರಡಿಯ ಎದೆಮಟ್ಟದ ಬಾಗಿಲಿಗೆ ಕುಸ್ತಿ ಕಲಿಸುವ ವಸ್ತಾದ ಯಮನೂರಪ್ಪ ಕೈ ಅಡ್ಡ ಇಟ್ಟು ನಿಂತ. ಎದುರಿಗೆ ನೀಲಪ್ಪ. ಈಗಷ್ಟೇ ಗದಗಿನ ಬಸ್ಸಿನಿಂದ ಇಳಿದವನು. ಕಾಲ ಬಳಿ ಟ್ರಂಕು, ತಲೆ ಬರಿದು. ಸಾವಿನ ಸುದ್ದಿ ತಂದವನ ಹಾಗೆ ಬರಿದಲೆಯಲ್ಲಿ ಬಂದವನನ್ನು ಒಳಗಿನಿಂದ ಬಗ್ಗಿ ಇಣುಕಿ ನೋಡಿದ ಮೂಕಪ್ಪ, ತಿರುವುತ್ತಿದ್ದ ಗದೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ರುಮಾಲ ಎಲ್ಲಿ?" ಎಂದ ವಸ್ತಾದ.

"ಕೊಟ್ಟೆರಿ."

"ನಮ್ಮ ದೇಶದ ಹುಡುಗ ಗೆದ್ದನೇನು?"

"ಇಲ್ರಿ, ಬಿದ್ದಾ."

"ಮತ್ತ ಯಾರಿಗೆ ಕೊಟ್ಟಿ?"

"ಅವನ್ನ ಕೆಡವಿದವಗ."

ನೀಲಪ್ಪ ಬೆಟಗೇರಿಯಲ್ಲಿ ಹತ್ತಿ ಬಿಡಿಸುವ ಜಿನ್ನು ನಡೆಸುವವನು. ಹೊಸ ಯಂತ್ರ ನೋಡಲು ವಿಲಾಯತಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದ. ಲಂಡನ್ನಿನಲ್ಲಿ ಒಲಿಂಪಿಕ್ ಕುಸ್ತಿ ನಡೆಯುವ ಹೊತ್ತಿಗೇ ಮುಟ್ಟುವ ಹಡಗು ಹುಡುಕಿ ಹತ್ತಿದ್ದು ಗರಡಿಯವರಿಗೆ ಮಾತ್ರ ಗೊತ್ತಿತ್ತು. ಹೊರಟ ದಿನ ವಸ್ತಾದನೇ ಅವನ ತಲೆಗೆ ಕೆಂಪು ರುಮಾಲು ಸುತ್ತಿದ್ದ. ಅದು ಹತ್ತರಲ್ಲಿ ಹನ್ನೊಂದನೆಯ ರುಮಾಲಲ್ಲ. ಅಲ್ಲಿಯವರೆಗೆ, ಗೆದ್ದ ಪೈಲವಾನನಿಗೆ ರುಮಾಲು ಸುತ್ತುವ ಹಕ್ಕು ಸಂಸ್ಥಾನದ ಆಡಳಿತ ನೋಡುವ ಕಾರಭಾರಿಗಷ್ಟೇ ಇತ್ತು. ಆ ಬೇಸಿಗೆಯಲ್ಲಿ ಸಂಸ್ಥಾನವೇ ಮುಗಿದು ಊರು ಮುಂಬಯಿ ಪ್ರಾಂತಕ್ಕೆ ಸೇರಿತು. ಊರವರು ಕೂಡಿ ತಾವೇ ನೇಯಿಸಿದ ಮೊದಲ ರುಮಾಲು ಅದು. "ನಮ್ಮ ಹುಡುಗ ಗೆದ್ದರ, ರಾಜಾ ಅಲ್ಲ, ಊರು ಕಟ್ಟಿದ್ದು ಅಂತ ಹೇಳಿ ಸುತ್ತಿ ಬಾ" ಎಂದು ವಸ್ತಾದ ಕಳಿಸಿದ್ದ.

"ಊರ ಮರ್ಯಾದಿ ಒಯ್ದು ಪರದೇಶದವನ ತಲಿಗೆ ಸುತ್ಯಾನ," ಮೂಕಪ್ಪ ಒಳಗಿನಿಂದಲೇ ಚುಚ್ಚಿದ. "ಮಷೀನರ ತಂದ್ಯೋ, ಅದನ್ನೂ ಯಾರಿಗರ ದಾನಾ ಮಾಡಿ ಬಂದ್ಯೋ?"

ವಸ್ತಾದ ನಗಲಿಲ್ಲ. "ನೀ ಇಲ್ಲಿ ಮಣ್ಣಾಡಿ ಬೆಳದಾವ. ಇವತ್ತಿನಿಂದ ಈ ಹೊಸ್ತಿಲಾ ನಿನಗಿಲ್ಲ. ನಡಿ."

"ಹಂಗ ಅಂತೀರಂತ ಗೊತ್ತಿತ್ರಿ. ಅದಕ್ಕ ದಾರ್‍ಯಾಗ ಬ್ಯಾರೆ ರುಮಾಲ ಸುತಗೊಳ್ಳಲಿಲ್ಲ. ಕಂಡದ್ದು ಹೇಳಿ ಹೋಗ್ತೇನಿ." ನೀಲಪ್ಪ ಟ್ರಂಕನ್ನು ಎತ್ತಿಕೊಳ್ಳಲಿಲ್ಲ. "ಅಲ್ಲಿ ಮಣ್ಣಿಲ್ರಿ, ಹಾಸಿಗಿ ಹಾಸಿರ್ತಾರ. ನಮ್ಮ ಹುಡುಗ ಕಣಕ್ಕ ಇಳದಾವ ರೂಢಿಯಂಗ ಮಣ್ಣ ಮುಟ್ಟಾಕ ಬಗ್ಗಿದಾ. ಕೈಗೆ ಅರಿವಿ ಹತ್ತಿತು. ಪಾಪ, ಆ ಖಾಲಿ ಕೈನ ಹಣಿಗೆ ಒತ್ತಿಕೊಂಡಾ. ಎದರಿನಾವ ಆಳಂದ್ರ ಆಳ್ರಿ, ಕಾಳು ತುಂಬೋ ಹಗೇವಿನ ಬಾಯಿಗೆ ಮುಚ್ಚೋ ಕಲ್ಲಿನಂಥಾವ. ಸುಮ್ಮನ ನೋಡಿಕೋತ ನಿಂತಿದ್ದ. ಕುಸ್ತಿ ಭಾಳ ಹೊತ್ತು ನಡೀಲಿಲ್ಲ. ನಮ್ಮ ಹುಡುಗನ ಬೆನ್ನು ಹಾಸಿಗಿಗೆ ಹತ್ತಿತು."

"ಆಮ್ಯಾಲೆ?" ಮೂಕಪ್ಪ ಈಗ ಬಾಗಿಲಿನಿಂದ ಅರ್ಧ ಹೊರಗೆ ಬಂದಿದ್ದ.

"ಗೆದ್ದಾವ ಕುಣೀಲಿಲ್ಲೋ ಮೂಕಪ್ಪಾ. ನಮ್ಮ ಹುಡುಗನ ಕೈ ಹಿಡದು ಎಬ್ಬಿಸಿದಾ. ತಾ ಮಣಕಾಲೂರಿದಾ. ಆ ಹಾಸಿಗಿ ಮುಟ್ಟಿ, ನಮ್ಮ ಹುಡುಗ ಮಾಡಿದಂಗ ಕೈ ಹಣಿಗೆ ಒತ್ತಿಕೊಂಡಾ. ಯಾಕ ಮಾಡೋದು ಅಂತ ಅವಗ ಗೊತ್ತಿರಾಕಿಲ್ಲ. ಸಾವಿರಾರು ಮಂದಿ ಕುಂತಿದ್ರು, ಒಬ್ಬರದು ಒಂದು ಕೆಮ್ಮಿಲ್ಲ. ನನ್ನ ಕಾಲು ತಾವ ನಡದುಬಿಟ್ಟುವು. ಪೊಲೀಸ ತಡದಾ. ಆ ಪೈಲವಾನ ತಾನ ಕೈಸನ್ನಿ ಮಾಡಿ 'ಬಿಡು' ಅಂದಾ. ನಾ ರುಮಾಲ ಬಿಚ್ಚಿದೆ. ಆದ್ರ ಆ ಗಿಡದಂಥಾವನ ತಲಿ ನನ್ನ ಕೈಗೆ ನಿಲುಕಬೇಕಲ್ರಿ?"

ವಸ್ತಾದನ ಕೈ ಇನ್ನೂ ಬಾಗಿಲಿಗೆ ಅಡ್ಡವಾಗಿಯೇ ಇತ್ತು. "ಏನ ಮಾಡಿದಾ?"

"ಬಗ್ಗಿದಾ. ನಾ ಕಡೀ ಸುತ್ತು ಸಿಗಿಸೂತನಕ ಬಗ್ಗಿ ನಿಂತಾ."

"ಎಷ್ಟು ಬಗ್ಗಿದಾ?"

ನೀಲಪ್ಪ ಅಂಗೈಯನ್ನು ಮಗುಚಿ ತನ್ನ ಎದೆಗಿಂತ ತುಸು ಕೆಳಗೆ ಹಿಡಿದ. "ಇಲ್ಲಿಗೆ ಬಂತ್ರಿ ಅವನ ತಲಿ."

ವಸ್ತಾದ ಆ ಅಂಗೈಯನ್ನು ನೋಡಿದ. ಆಮೇಲೆ ಗರಡಿಯ ಬಾಗಿಲನ್ನು ನೋಡಿದ. ಎಂಥ ಪೈಲವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕೆಂದು ಹಿಂದಿನವರು ಅದನ್ನು ಅಷ್ಟು ಗಿಡ್ಡಗೆ ಕಟ್ಟಿದ್ದರು. ಇಷ್ಟು ವರ್ಷ ರುಮಾಲು ಸುತ್ತಿದ ಕಾರಭಾರಿಗಳಲ್ಲಿ ಒಬ್ಬನೂ ಆ ಬಾಗಿಲು ದಾಟಿರಲಿಲ್ಲ. ಹೊರಗೆ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಗೆದ್ದವನನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದರು.

ವಸ್ತಾದ ನೀಲಪ್ಪನ ಮುಂಗೈ ಹಿಡಿದ. ಮಗುಚಿದ ಅಂಗೈಯನ್ನು ಮೇಲೆ ಕೆಳಗೆ ಮಾಡದೆ, ಅದೇ ಎತ್ತರದಲ್ಲಿ ಬಾಗಿಲ ತನಕ ತಂದ. ಬೆರಳ ತುದಿಯೂ ಚೌಕಟ್ಟಿಗೆ ತಾಗದೆ, ಬಗ್ಗಿದ ಆ ಪೈಲವಾನನೇ ಬಂದ ಹಾಗೆ, ಕೈ ಗರಡಿಯ ಒಳಗೆ ಹೋಯಿತು.

ವಸ್ತಾದ ನಂತರ ಅಡ್ಡ ಇಟ್ಟಿದ್ದ ತನ್ನ ಇನ್ನೊಂದು ಕೈ ತೆಗೆದ.

"ಹಾದಿ ಬಿಡಲೇ ಮೂಕಪ್ಪಾ," ಎಂದ. "ಇಬ್ಬರು ಒಳಗ ಬರಾಕತ್ತಾರ."