ಎರಡು ಗೆರೆ

“ಈ ಕಪ್ಪು ಗೆರೆ ಯಾರು ಎಳೆದಿದ್ದು?”

ಯಂತ್ರದ ಕೆಳಗೆ ಮಲಗಿದ್ದವಳ ತೊಡೆಯ ಮೇಲೆ ಕರೆಂಟ್ ಮಾಸ್ಟರನ ಬೆರಳು ತಟ್ಟನೆ ನಿಂತಿತು. ರೇಡಿಯೇಶನ್ ಕೊಡುವ ಟೆಕ್ನಿಷಿಯನ್‌ಗೆ ರೋಗಿಗಳು ಇಟ್ಟ ಹೆಸರು ಅದು. ಗಡ್ಡೆಯ ಸುತ್ತ ತಾನೇ ಅಳೆದು ಹಾಕಿದ್ದ ನೇರಳೆ ಗೆರೆ ಮಾಯವಾಗಿತ್ತು.

“ಅಳಿಸಿಹೋಯ್ತು ಸಾರ್. ಬೈತೀರ ಅಂತ ಹೆದರಿ ಮೊನ್ನೆ ಮತ್ತೆ ಹಾಕಿಸ್ಕೊಂಡೆ.”

“ನಿನ್ನೆಯೂ ಇದೇ ಗೆರೆ ನೋಡಿ ಕರೆಂಟ್ ಕೊಟ್ರಾ?”

“ಹೂಂ. ನಿನ್ನೆ ನೀವಿರ್ಲಿಲ್ಲ, ಆ ಹೊಸಬರಿದ್ರು.”

ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ಮೊದಲು ಕರೆಂಟು, ಕೆಲವು ವಾರ ಬಿಟ್ಟು ಆಪರೇಷನ್ ಎಂದಿದ್ದರು ದೊಡ್ಡ ಡಾಕ್ಟರು. ಕರೆಂಟ್ ಸರಿಯಾದ ಜಾಗಕ್ಕೆ ಬಿದ್ದರೆ ಗಡ್ಡೆಯಷ್ಟನ್ನೇ ತೆಗೆದು ಕಾಲು ಉಳಿಸಬಹುದು. ‘ಇಲ್ಲದಿದ್ದರೆ...’ ಎಂದವರು ಮಾತು ಮುಗಿಸದೆ, ಕೈಲಿದ್ದ ಪೆನ್ನನ್ನು ಅವಳ ಸೊಂಟದ ಹತ್ತಿರ ಅಡ್ಡ ಹಿಡಿದಿದ್ದರು.

“ನೀರು ಸೋಕಿಸಬೇಡಿ ಅಂತ ಬಡ್ಕೊಂಡಿದ್ದೆನಲ್ಲಮ್ಮ!”

“ಒದ್ದೆ ಬಟ್ಟೇನ ತೊಡೆಗೆ ಆನಿಸಿಯೇ ಎತ್ಬೇಕು ಸಾರ್. ಒಗೆಯೋ ಕಡೆ ಬೇಡ, ಮಡಚೋ ಕಡೆ ಹಾಕಿ ಅಂತ ಮೇಸ್ತ್ರಿಗೆ ಕೈ ಮುಗಿದೆ. ‘ನೀರಿಲ್ಲದ ತೊಟ್ಟಿ ಇದ್ರೆ ತೋರ್ಸು, ಅಲ್ಲಿಗೇ ಹಾಕ್ತೀನಿ’ ಅಂದ.”

“ಮನುಷ್ಯನಾ ಅವನು? ಯಾವ ಕಾರ್ಖಾನೆ ಅದು?”

“ನೆಲಮಾಳಿಗೇದು, ಸಾರ್. ಇದೇ ಆಸ್ಪತ್ರೆ ಲಾಂಡ್ರಿ.” ಅವಳು ಬೆನ್ನ ಕೆಳಗಿನ ಶೀಟನ್ನು ಮುಟ್ಟಿದಳು. “ಇದೂ ನಾನು ಒಗೆದದ್ದೇ.”

ಬಾಗಿಲ ಸಂದಿಯಿಂದ ಅವಳ ಓರಗಿತ್ತಿ ತಲೆ ಹಾಕಿದಳು. ಇಬ್ಬರದೂ ಒಂದೇ ತೊಟ್ಟಿ, ಒಂದೇ ಪಾಳಿ. “ಗೆರೆ ಎಳೆದೋಳು ನಾನು ಸಾರ್. ಶೀಟಿಗೆ ಆಸ್ಪತ್ರೆ ಮುದ್ರೆ ಹಾಕ್ತೀವಲ್ಲ, ಆ ಶಾಯಿ. ಕುದಿಸಿದ್ರೂ ಹೋಗಲ್ಲ.” ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು.

“ಮಲಗಿಸಿ ಎಳೆದ್ರಾ, ನಿಲ್ಲಿಸಿ ಎಳೆದ್ರಾ?”

“ಮಲಗೋಕೆ ಅಲ್ಲಿ ಯಾರು ಬಿಡ್ತಾರೆ? ನಿಂತೇ.”

“ಅದೇ ಆಗಿದ್ದು. ಮಲಗಿದಾಗ ಮಾಂಸ ಜರುಗುತ್ತೆ. ಗೆರೆ ಎರಡು ಬೆರಳು ಆಚೆ ಹೋಗಿದೆ. ಗಡ್ಡೆಯ ಈ ಅಂಚಿಗೆ ನಿನ್ನೆ ಏನೂ ಬಿದ್ದೇ ಇಲ್ಲ.”

ಅವನು ಡಾಕ್ಟರನ್ನು ಕಾಣಲು ಓಡಿದ. ಇಬ್ಬರೂ ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತರು.

“ನನ್ನ ಕೈ ಸೇದಿಹೋಗ,” ಎಂದಳು ಓರಗಿತ್ತಿ.

“ಸುಮ್ನಿರಕ್ಕ. ಕಾಲು ಹೋದ್ರೆ ನಿನ್ನ ಹೆಗಲ ಮೇಲೆ ಕೂರ್ತೀನಿ. ಮದುವೆಯಾಗಿ ಬಂದಾಗಿಂದ ನೀನು ನನ್ನ ತಲೆ ಮೇಲೆ ಕೂತಿಲ್ವಾ?”

ಓರಗಿತ್ತಿ ನಗಲು ಹೋಗಿ ಬಿಕ್ಕಿದಳು. ಇವಳು ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಯಾರೋ ಈಗಲೇ ಅದನ್ನು ಕೇಳಲು ಬಂದಿರುವಂತೆ.

ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಬಂದ. “ಬಚಾವ್. ಒಂದು ದಿನದ್ದು, ಸರಿದೂಗಿಸಬಹುದಂತೆ. ಹೀಗೇ ನಡೆದ್ರೆ ಮಾತ್ರ ಕಾಲಿನ ಆಸೆ ಬಿಡಿ ಅಂದ್ರು.” ಮತ್ತೆ ಮಲಗಿಸಿ, ಅಳೆದು, ಹೊಸ ನೇರಳೆ ಗೆರೆ ಹಾಕಿ ಕರೆಂಟ್ ಕೊಟ್ಟ. ಕಪ್ಪು ಗೆರೆಯನ್ನು ಸ್ಪಿರಿಟ್ ಹಚ್ಚಿ ತಿಕ್ಕಿದ. ಚರ್ಮ ಕೆಂಪಾಯಿತು, ಗೆರೆ ಜಗ್ಗಲಿಲ್ಲ. ಕೊನೆಗೆ ಅದರ ಮೇಲೆ ಸಾಲಾಗಿ ನೇರಳೆ ಅಡ್ಡಗೀಟು ಹಾಕಿದ. “ಇದು ಲೆಕ್ಕಕ್ಕಿಲ್ಲ ಅಂತ ಗುರುತು. ನಾಳೆ ನಾನು ಪಕ್ಕದ ಮಷೀನಿಗೆ ಹೋಗ್ತೀನಿ, ಇಲ್ಲಿ ಮತ್ತೆ ಆ ಹೊಸಬರು. ನೇರಳೆ ಗೆರೇನೇ ತೋರ್ಸಿ.”

“ಮೇಸ್ತ್ರಿಗೆ ನೀವೊಂದು ಮಾತು ಹೇಳಿ ಸಾರ್. ನೀವು ಹೇಳಿದ್ರೆ ಕೇಳ್ತಾನೆ.”

ಮಾಸ್ಟರು ಪೆನ್ನಿನ ಮುಚ್ಚಳ ಹಾಕಿದ. “ಲಾಂಡ್ರಿ ನಮ್ಮ ವಿಭಾಗಕ್ಕೆ ಬರಲ್ಲಮ್ಮ.”

ಮಧ್ಯಾಹ್ನ ನೆಲಮಾಳಿಗೆಯಲ್ಲಿ ಶೀಟುಗಳ ರಾಶಿ ಎದೆಮಟ್ಟಕ್ಕೆ ಬಿದ್ದಿತ್ತು. ತೊಡೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡೇ ಅವಳು ತೊಟ್ಟಿಗೆ ಬಗ್ಗಿದಳು. ಹೊರಗಿನ ನೀರು ತಡೆದ ಚೀಲ ಒಳಗಿನ ಬೆವರನ್ನು ತಡೆಯಲಿಲ್ಲ. ಮೇಸ್ತ್ರಿ ಆಚೆ ತಿರುಗಿದಾಗ ಲಂಗ ಎತ್ತಿ ಚೀಲ ಸರಿಸಿ ನೋಡಿದಳು. ನೇರಳೆ ಬಣ್ಣ ಸಣ್ಣ ಕಾಲುವೆಯಾಗಿ ಮೊಣಕಾಲಿಗೆ ಇಳಿದಿತ್ತು. ಅಡ್ಡಗೀಟುಗಳೂ ಕೊಚ್ಚಿಹೋಗಿದ್ದವು. ಕೈಲಿದ್ದ ಶೀಟಿನ ಮೂಲೆಯಲ್ಲಿ ಆಸ್ಪತ್ರೆಯ ಕಪ್ಪು ಮುದ್ರೆ ಹೊಸದರಂತೆ ಹೊಳೆಯುತ್ತಿತ್ತು. ತೊಡೆಯ ಮೇಲೆ, ಅದೇ ಶಾಯಿಯ ತಪ್ಪು ಗೆರೆ.